ನಾನು ತಿದ್ದಿದ ಎರಡು ಇಂಚು

ನಮ್ಮ ಅಂಗಡಿಯ ಪಕ್ಕಕ್ಕೆ ಈ ವರ್ಷ ಬಾಗಿಲು, ಕಪಾಟು ಮಾಡುವವರು ಬಂದಿದ್ದಾರೆ. ಅವರು ಪ್ಲೈವುಡ್ ಕೊಯ್ಯಲು ಹತ್ತಿದರೆ ಆ ಅಂಟು ಬೆರೆತ ಮರದ ವಾಸನೆ ನನ್ನ ಭಟ್ಟಿಯ ಇದ್ದಿಲ ಹೊಗೆಯನ್ನೂ ದಾಟಿಕೊಂಡು ಮೂಗಿಗೆ ಬರುತ್ತದೆ. ಬಂತೆಂದರೆ ಮೂರು ವರ್ಷದ ಹಿಂದಿನ ಮಳೆಗಾಲ ಎದ್ದು ಕೂರುತ್ತದೆ. ಹಳೆಯದು ನೆನಪಾದರೆ ಕೆಲವರಿಗೆ ಕಣ್ಣು ತೇವವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ. ಉಳಿದರ್ಧ ಯಾರ ಮೇಲೆ ಎನ್ನುವುದನ್ನು ಬರೆಯಲೆಂದೇ ಕೂತಿದ್ದೇನೆ.

ನಾನು ಹರಿಹರದವನು. ಪಿ.ಬಿ. ರಸ್ತೆಯಲ್ಲಿ ಕಮಾನು ಪಟ್ಟಿ ಕೆಲಸ ಮಾಡುತ್ತೇನೆ. ಲಾರಿ, ಟ್ರೇಲರುಗಳ ಚಕ್ರದ ಮೇಲೆ ಒಂದರ ಮೇಲೊಂದು ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಗಾಡಿಯ ಭಾರವನ್ನೆಲ್ಲ ಹೊತ್ತು ಕುಣಿಯುವುದು ಅವೇ. ಮುರಿದರೆ ಬೇರೆ ಕಟ್ಟುತ್ತೇನೆ. ಬಾಗು ಸತ್ತು ಚಪ್ಪಟೆಯಾದರೆ ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಗೆ ಅದ್ದಿ ಮತ್ತೆ ಬಾಗು ತರುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು. ಬಿಟ್ಟಿದ್ದಕ್ಕೆ ಯಾರನ್ನೂ ದೂರುವುದಿಲ್ಲ. ನಾನು ಕಟ್ಟಿದ ಪಟ್ಟಿ ನನ್ನ ಬಾಗಿಲಿಗೆ ಮುರಿದು ವಾಪಸು ಬಂದದ್ದು ಕಡಿಮೆ. ಬಂದಾಗ ಡ್ರೈವರನ ಎದುರಿಗೇ ನನ್ನದು ತಪ್ಪಾಯಿತು ಎಂದು ಒಪ್ಪಿ ಪುಕ್ಕಟೆ ಕಟ್ಟಿ ಕಳಿಸಿದ್ದೇನೆ. ಅಷ್ಟರ ಮಟ್ಟಿಗೆ ತಲೆ ಎತ್ತಿಕೊಂಡು ಓಡಾಡುವವನು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಡ್ರೈವರ್ ಮುರಿದ ಪಟ್ಟಿಯನ್ನೇ ಮಾದರಿ ಅಂತ ತಂದು ಕೊಡುತ್ತಾನೆ. ಅದು ಸವೆದಿರುತ್ತದೆ, ಬಾಗು ಇಳಿದಿರುತ್ತದೆ. ಕಣ್ಣು ಮುಚ್ಚಿಕೊಂಡು ಅದರ ಅಳತೆಗೇ ಹೊಸದು ಮಾಡಿದರೆ ಸವೆತವೂ ಹೊಸದರೊಳಗೆ ಬಂದುಬಿಡುತ್ತದೆ. ಮಾದರಿಯನ್ನು ನೋಡಬೇಕು, ಆದರೆ ಅದು ಮೊದಲು ಹೇಗಿದ್ದಿರಬೇಕೋ ಹಾಗೆ ಮಾಡಬೇಕು. ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ವಾರವೇ ಹೇಳಿಕೊಟ್ಟಿದ್ದು ಇದು. ಮೂವತ್ತು ವರ್ಷ ಇದು ನನ್ನ ಕೈ ಬಿಟ್ಟಿರಲಿಲ್ಲ.

ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ತುಂಗಭದ್ರೆ ದಿನಕ್ಕೊಂದು ಮೆಟ್ಟಿಲು ನುಂಗುತ್ತ ಮೇಲೆ ಬರುತ್ತಿದ್ದಳು. ನದಿ ದಂಡೆಯ ಉಕ್ಕಡಗಾತ್ರಿ ಗುಡಿಗೆ ಹೋದವರು ರಸ್ತೆ ಮುಳುಗಿ ಆ ಕಡೆಯೇ ಉಳಿದರಂತೆ ಎಂದು ಚಹಾದಂಗಡಿಯಲ್ಲಿ ಮಾತು. ಮಲೆಬೆನ್ನೂರು ಕಡೆ ನಾಟಿ ಜೋರು. ಗುಂಡಿ ಬಿದ್ದ ರಸ್ತೆಯಲ್ಲಿ ಭತ್ತದ ಸಸಿ, ಗೊಬ್ಬರ ಹೊತ್ತ ಟ್ರೇಲರುಗಳು ಪಟ್ಟಿ ಮುರಿದುಕೊಂಡು ಒಂದರ ಹಿಂದೊಂದು ನಮ್ಮ ಅಂಗಡಿ ಮುಂದೆ ನಿಂತಿರುತ್ತಿದ್ದವು. ಇದ್ದಿಲು ಒದ್ದೆ, ತಗಡಿನ ಸೂರಿನಿಂದ ಹನಿ, ಕಾದ ಪಟ್ಟಿಯ ಮೇಲೆ ಹನಿ ಬಿದ್ದರೆ ಚುಯ್ ಎನ್ನುವ ಸದ್ದು. ನಾನು ಮತ್ತು ದಾದಾಪೀರ್ ಇಬ್ಬರೇ. ನಾನು ಇಕ್ಕಳದಲ್ಲಿ ಹಿಡಿದರೆ ಅವನು ಹೊಡೆಯುತ್ತಾನೆ. ಇಪ್ಪತ್ತು ವರ್ಷದ ಜೋಡಿ.

ನನ್ನ ಮಗಳು ಶೈಲಾ ಆಗ ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾಜಿ, ಈ ಸಲ ನಮಗೆ ನಿಮ್ಮ ಪಟ್ಟಿದೇ ಪಾಠ ಐತೆ" ಅಂದಳು.

"ಲಾರಿದಾ?"

"ಅಣುವಿಂದು. ಎರಡು ಪರಮಾಣು ಜೋಡಿಯಾಗಿ ಇರ್ತಾವಲ್ಲ, ಅವುಗಳ ನಡುವೆ ಒಂದು ಸ್ಪ್ರಿಂಗ್ ಐತೆ ಅನ್ಕಳ್ರಿ. ದೂರ ಎಳೆದ್ರೆ ಒಳಗೆ ಜಗ್ಗುತ್ತೆ, ಹತ್ರ ಒತ್ತಿದ್ರೆ ಹೊರಗೆ ನೂಕುತ್ತೆ. ಹಿಂದಕ್ಕೂ ಮುಂದಕ್ಕೂ ಕುಣೀತಾ ಇರ್ತೈತೆ. ಹಾರ್ಮೋನಿಕ್ ಆಸಿಲೇಟರ್ ಅಂತಾರೆ."

"ಹಂಗಾದ್ರೆ ಪಟ್ಟಿನೇ ಅದು. ಹೆಸರು ಮಾತ್ರ ಉದ್ದ ಇಟ್ಟಾರೆ."

"ಪೂರ್ತಿ ಅದೇ ಅಲ್ಲ. ನಿಮ್ಮ ಪಟ್ಟಿ ಎಷ್ಟು ಬೇಕಾದ್ರೂ ಕುಣಿಯುತ್ತೆ, ಒಂಚೂರು, ಇನ್ನೊಂಚೂರು, ಜಾಸ್ತಿ. ಅಷ್ಟು ಸಣ್ಣ ಲೋಕದಾಗೆ ಹಂಗಿಲ್ಲ. ಅದರ ಶಕ್ತಿಗೆ ಮೆಟ್ಟಿಲು ಇರ್ತಾವೆ. ಈ ಮೆಟ್ಟಿಲ ಮೇಲಿರಬೇಕು, ಇಲ್ಲ ಆ ಮೆಟ್ಟಿಲ ಮೇಲಿರಬೇಕು. ನಡುವೆ ನಿಲ್ಲಂಗಿಲ್ಲ."

"ಮೆಟ್ಟಿಲು ಎಲ್ಲಾ ಒಂದೇ ಅಳತೆನಾ?"

"ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಎಲ್ಲ ಒಂದೇ ಅಳತೆ."

ಈ ಮಾತು ನನಗೆ ಹಿಡಿಸಿತು. ಕಣ್ಣಿಗೆ ಕಾಣದ ಕಡೆ ಕೂಡ ಯಾರೋ ಅಳತೆ ಹಿಡಿದು ಕೆಲಸ ಮಾಡಿದ್ದಾರೆ ಅನ್ನಿಸಿತು. ನನ್ನ ಹೆಂಡತಿ ರತ್ನ, "ಅಪ್ಪ ಮಗಳು ಅಣು ತಿಂದು ಎದ್ದೇಳ್ತೀರೋ, ರೊಟ್ಟಿ ಹಾಕ್ಲೋ" ಅಂತ ಕೇಳಿದಳು.

ಅದಾದ ಮೇಲೆ ಕಾಲೇಜಿಗೆ ಗ್ರೇಡು ಕೊಡಲು ಹೊರಗಿನಿಂದ ಒಂದು ಸಮಿತಿ ಬರುತ್ತದೆ ಅಂತಾಯಿತು. ಗೋಡೆಗೆ ಬಣ್ಣ, ಗಿಡಕ್ಕೆ ಕುಂಡ, ಮೇಷ್ಟ್ರುಗಳಿಗೆ ಟೈ. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರನ್ನು ಮಕ್ಕಳೆಲ್ಲ ಹೆಚ್‌ಒಡಿ ಸರ್ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವರಿಗೆ ಕಾರಿಡಾರಿನಲ್ಲಿ ಕಣ್ಣಿಗೆ ಹೊಡೆಯುವಂಥದ್ದೊಂದು ಬೇಕಾಗಿತ್ತು. ಶೈಲಾಳ ಅಪ್ಪ ಕಬ್ಬಿಣದ ಕೆಲಸದವನು ಎಂದು ಯಾರೋ ಹೇಳಿದರು. ಈ ಪಾಠದ ಒಂದು ಮಾದರಿ ಮಾಡಿಸಿಕೊಂಡು ಬಾ ಎಂದು ಅವಳಿಗೆ ಅಪ್ಪಣೆಯಾಯಿತು.

ಅವಳು ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು ತಂದಳು. ಎದೆಯೆತ್ತರದ ಪ್ಲೈವುಡ್ ಹಲಗೆ. ಅದರ ಮೇಲೆ ಬಾಣಲಿಯನ್ನು ನಟ್ಟನಡುವೆ ಸೀಳಿದ ಹಾಗೆ ಒಂದು ಬಾಗು; ಅದು ಸ್ಪ್ರಿಂಗಿನ ಬಾಣಲಿ. ಅದರೊಳಗೆ ಅಡ್ಡಡ್ಡ ಐದು ಸರಳು, ಮೇಲಕ್ಕೆ ಹೋದಷ್ಟೂ ಉದ್ದ; ಅವು ಮೆಟ್ಟಿಲು. ಪ್ರತಿ ಸರಳಿನ ಮೇಲೆ ತಂತಿಯ ಅಲೆ. ಕೆಳಗಿನದಕ್ಕೆ ಒಂದೇ ಉಬ್ಬು, ಅದರ ಮೇಲಿನದಕ್ಕೆ ಎರಡು, ಆಮೇಲೆ ಮೂರು.

ನೋಡಿದ ಕೂಡಲೇ ನನ್ನ ಕಣ್ಣಿಗೆ ಒಂದು ತಪ್ಪು ಬಿತ್ತು. "ಅಲೆ ತುದಿ ಎರಡೂ ಕಡೆ ಬಾಣಲಿ ಗೋಡೆ ದಾಟಿ ಹೊರಗೆ ಬಂದೈತಲ್ಲವ್ವ. ಕತ್ತರಿಸಲಾ?"

"ಬ್ಯಾಡ್ರಿ, ಅದು ಹಂಗೇ. ಕಣ ಗೋಡೆ ಆಚೆನೂ ಒಂಚೂರು ಸಿಗಬಹುದು."

"ಗೋಡೆ ದಾಟಿ ಹೆಂಗೆ ಸಿಗ್ತೈತೆ? ಹಂಗಾದ್ರೆ ಗೋಡೆ ಯಾಕ ಬೇಕು?"

ಅವಳು ಅರ್ಧ ಗಂಟೆ ವಿವರಿಸಿದಳು. ನಾನು ಪೂರ್ತಿ ಒಪ್ಪಲಿಲ್ಲ, ಆದರೆ ಸೋತೆ. ದಾದಾಪೀರ್ ಭಟ್ಟಿಯ ಪಕ್ಕದಿಂದ, "ಮಗಳ ಹತ್ರ ಸೋತ್ರೆ ಏನೂ ಸವೆಯಲ್ಲ ಬಿಡ್ರಿ ಚಂದ್ರಣ್ಣ" ಅಂದ. ನನಗೆ ಒಳಗೊಳಗೇ ಸ್ವಲ್ಪ ಚುಚ್ಚಿತ್ತು ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮರುದಿನದಿಂದ ಅವಳಿಗೆ ಜ್ವರ. ಒಂದು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಹಗಲೆಲ್ಲ ಟ್ರೇಲರಿನ ಪಟ್ಟಿ ಕಟ್ಟಿ, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಹಲಗೆ ಹಿಡಿದೆ. ಬಾಣಲಿಯ ಬಾಗನ್ನು ತೆಳುವಾದ ಪಟ್ಟಿಯಲ್ಲೇ ತೆಗೆದೆ; ಎಡಕ್ಕೂ ಬಲಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ. ಸರಳು ಕೂರಿಸಲು ತೂತು ಗುರುತಿಸುವಾಗ ಚಿತ್ರವನ್ನು ಮತ್ತೆ ನೋಡಿದೆ. ಸರಳಿನಿಂದ ಸರಳಿಗೆ ನಾಲ್ಕು ಇಂಚು, ನಾಲ್ಕು ಇಂಚು, ಮತ್ತೆ ನಾಲ್ಕು. ಆದರೆ ಬಾಣಲಿಯ ತಳದಿಂದ ಮೊದಲ ಸರಳಿಗೆ ಎರಡೇ ಇಂಚು.

ನನಗೆ ಅವಳ ಮಾತು ನೆನಪಿತ್ತು, ಎಲ್ಲ ಒಂದೇ ಅಳತೆ. ಹಾಗಾದರೆ ಇದು ಕೈತಪ್ಪು. ಜ್ವರ ಬರುವ ಮುಂಚೆ ಮೈ ಬಿಸಿಯಾಗಿದ್ದಾಗ ಬರೆದದ್ದು. ಸವೆದ ಮಾದರಿ.

"ಕೇಳ್ರಿ ಒಂದ್ಮಾತು, ಹುಡುಗಿ ಬರೆದಿದ್ದು" ಅಂದ ದಾದಾಪೀರ್.

"ಕೇಳೋದೇನೈತೆ. ಯಾವ ಮನೆ ಮೆಟ್ಟಿಲಾಗಾದ್ರೂ ಮೊದಲನೇದು ಅರ್ಧ ಇರ್ತೈತಾ?"

"ನಮ್ಮ ಮಾವನ ಮನ್ಯಾಗೈತೆ. ದಿನಾ ಎಡವ್ತೀನಿ."

ಇಬ್ಬರೂ ನಕ್ಕೆವು. ಮೊದಲ ಸಲ ಕೇಳಿ ಸೋತಿದ್ದೆನಲ್ಲ, ಎರಡನೇ ಸಲ ಕೇಳಲು ನನ್ನ ಮನಸ್ಸು ಒಪ್ಪಲಿಲ್ಲ. ನಿಜ ಅಂದರೆ ಅಷ್ಟೇ. ತಳದಿಂದಲೂ ನಾಲ್ಕು ಇಂಚು ಹಿಡಿದು ಐದೂ ಸರಳನ್ನು ಎರಡೆರಡು ಇಂಚು ಮೇಲೆ ಕೂರಿಸಿದೆ. ಕೆಲಸ ಬಹಳ ಚೆನ್ನಾಗಿ ಬಂತು.

ಹಲಗೆಗೆ ತಾಡಪಾಲು ಸುತ್ತಿ, ಗೂಡ್ಸ್ ಆಟೋದಲ್ಲಿ ಇಟ್ಟುಕೊಂಡು ದಾವಣಗೆರೆಗೆ ಹೊರಟೆ. ಬಾತಿ ದಾಟುವವರೆಗೂ ಮಳೆ ಹೊಡೆಯಿತು. ನಾನು ಹಿಂದೆ ಕೂತು ತಾಡಪಾಲಿನ ಅಂಚು ಹಿಡಿದುಕೊಂಡೇ ಹೋದೆ. ಹೆಚ್‌ಒಡಿ ಸರ್ ತಮ್ಮ ಕೋಣೆಯಲ್ಲಿ ಇಳಿಸಿಕೊಂಡರು. ಸರಳಿನ ಮೇಲೆ ಬೆರಳು ಆಡಿಸಿ, "ಫಸ್ಟ್ ಕ್ಲಾಸ್" ಅಂದರು.

ಗಾಡಿ ಬಿಡುವ ಮುಂಚೆ ಡ್ರೈವರನಿಗೆ ಹೇಳುವಂತೆ ಇವರಿಗೂ ಹೇಳಿದೆ: "ಅಳತೆ ಎಲ್ಲ ಸರಿ ಐತಾ ಒಮ್ಮೆ ನೋಡ್ಕಳ್ರಿ ಸರ್. ವ್ಯತ್ಯಾಸ ಇದ್ರೆ ಇಲ್ಲೇ ಸರಿ ಮಾಡಿ ಹೋಗ್ತೀನಿ."

"ನೋಡಿದೀನಿ ರೀ. ಮತ್ತೆ ನಾವಿರೋದು ಯಾತಕ್ಕೆ?"

ಎಂಟು ದಿನ ಆ ಹಲಗೆ ಅವರ ಕೋಣೆಯಲ್ಲೇ, ಬಟ್ಟೆ ಮುಚ್ಚಿಕೊಂಡು ಇತ್ತು. ಕೆಳಗೆ ಒಂದು ಹಿತ್ತಾಳೆಯ ಫಲಕ ಬಂತು. ಅದರಲ್ಲಿ ಅವರ ಹೆಸರು, ಡಿಗ್ರಿ, 'ಇವರ ಮಾರ್ಗದರ್ಶನದಲ್ಲಿ' ಅಂತ. ಶೈಲಾಳ ಹೆಸರಿಲ್ಲ. ನನ್ನ ಹೆಸರು ಇರಲಿ ಅಂತ ನಾನು ಬಯಸಿಯೂ ಇರಲಿಲ್ಲ.

ಸಮಿತಿ ಬಂದದ್ದು ಒಂದು ಶುಕ್ರವಾರ. ಆ ಸಂಜೆ ಶೈಲಾ ಮನೆಗೆ ಬಂದವಳು ಊಟ ಬೇಡ ಅಂದು ಮಲಗಿಬಿಟ್ಟಳು. ಇನ್ನೂ ಸುಸ್ತಿರಬೇಕು ಅಂದುಕೊಂಡೆವು. ಶನಿವಾರವೂ ಹಾಗೇ. ಭಾನುವಾರ ಮಧ್ಯಾಹ್ನ ಅವಳು ಒಂದು ಹಾಳೆಯನ್ನು ಎದುರಿಗಿಟ್ಟುಕೊಂಡು ಅದನ್ನೇ ಇನ್ನೊಂದು ಹಾಳೆಗೆ ಇಳಿಸುತ್ತ ಕೂತಿದ್ದಳು. ನಾನು ಹಿಂದಿನಿಂದ ಓದಿದೆ. 'ನನ್ನ ಅಜಾಗರೂಕತೆಯಿಂದ ಮಾದರಿಯಲ್ಲಿ ದೋಷ ಉಂಟಾಗಿ, ವಿಭಾಗದ ಗೌರವಕ್ಕೆ ಧಕ್ಕೆ ತಂದಿದ್ದಕ್ಕಾಗಿ ಕ್ಷಮೆ ಯಾಚಿಸುತ್ತೇನೆ.'

"ಏನಿದು?"

ರತ್ನ ಪಕ್ಕದಲ್ಲಿ ಕೂತು ಬೆನ್ನು ಸವರಿದ ಮೇಲೆ ಒಂದೊಂದೇ ಬಂತು. ಶುಕ್ರವಾರ ಬೆಳಿಗ್ಗೆ ಹಲಗೆಯನ್ನು ಕಾರಿಡಾರಿಗೆ ನೇತುಹಾಕಿದಾಗಲೇ ಅವಳು ಅದನ್ನು ಮೊದಲ ಸಲ ನೋಡಿದ್ದು. ಕೂಡಲೇ ಗೊತ್ತಾಗಿದೆ. ಹೆಚ್‌ಒಡಿ ಹತ್ತಿರ ಹೋಗಿ, ಸರ್, ಕೆಳಗಿನ ಅಂತರ ಅರ್ಧ ಇರಬೇಕು, ಪೂರ್ತಿ ಆಗಿದೆ. ನಮ್ಮ ಅಪ್ಪಾಜಿಗೆ ಫೋನ್ ಮಾಡಿದರೆ ಹರಿಹರದಿಂದ ಬಂದು ಸರಿ ಮಾಡ್ತಾರೆ, ಅಂದಿದ್ದಾಳೆ. ಸಮಿತಿ ಬರಲು ಇನ್ನೂ ಮೂರು ತಾಸು ಇತ್ತು. ಅವರು ಟೈ ಸರಿಮಾಡಿಕೊಳ್ಳುತ್ತ, "ಯಾರು ಸ್ಕೇಲ್ ಹಿಡ್ಕಂಡು ಬರ್ತಾರಮ್ಮ? ಮುಟ್ಟಬ್ಯಾಡ" ಅಂದರಂತೆ.

ಸಮಿತಿಯಲ್ಲಿ ಒಬ್ಬ ವಯಸ್ಸಾದ ಮೇಡಂ ಇದ್ದರು. ಅವರು ಯಾವ ಸ್ಕೇಲನ್ನೂ ಹಿಡಿದಿರಲಿಲ್ಲ. ದೂರದಿಂದ ನೋಡಿಯೇ, "ಇಲ್ಲಿ ಅರ್ಧ ಎಲ್ಲಿ ಹೋಯ್ತು?" ಅಂತ ಕೇಳಿದರಂತೆ. ಆಗ ನಮ್ಮ ಮಾರ್ಗದರ್ಶಕರು, ಹಿತ್ತಾಳೆಯಲ್ಲಿ ಹೆಸರು ಕೊರೆಸಿಕೊಂಡವರು, ನನ್ನ ಮಗಳ ಕಡೆ ಕೈ ತೋರಿಸಿ, "ವಿದ್ಯಾರ್ಥಿಗಳು ಮಾಡಿದ್ದು ಮೇಡಂ, ಬೇಸಿಕ್ಸ್ ಇಲ್ಲ ಇವರಿಗೆ" ಅಂದರು. ಎಲ್ಲರೂ ಅವಳನ್ನೇ ನೋಡಿದರು.

ಸಮಿತಿ ಹೋದ ಮೇಲೆ ಈ ಕ್ಷಮಾಪಣೆಯ ನಮೂನೆ ಅವಳ ಕೈಗೆ ಬಂತು. ಸೋಮವಾರ ಸಹಿ ಮಾಡಿ ತರಬೇಕು. ತರದಿದ್ದರೆ ಪ್ರಾಕ್ಟಿಕಲ್ ರೆಕಾರ್ಡಿಗೆ ಅವರ ಸಹಿ ಬೀಳುವುದಿಲ್ಲ. ಅದು ಬೀಳದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಒಂದು ವರ್ಷ ಹೋದಂತೆ.

ನಾನು ಕೇಳಿದೆ, "ನಮ್ಮಪ್ಪ ತಿದ್ದಿದ್ದು ಅಂತ ಯಾಕ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ ಅಪ್ಪಾಜಿ. ಏಳನೇ ಕ್ಲಾಸಿನೋರ ಹತ್ರ ಮಾಡ್ಸಿದ್ರೆ ಇನ್ನೇನಾಗ್ತೈತೆ ಅಂತ ನಗ್ತಿದ್ರು. ನಿಮ್ಮನ್ನ ನಗಾಡೋದಕ್ಕಿಂತ ನನ್ನನ್ನೇ ಬೈಲಿ ಅನ್ನಿಸ್ತು."

ಸುತ್ತಿಗೆ ತಪ್ಪಿ ಬೆರಳ ಮೇಲೆ ಬಿದ್ದಾಗ ಮೊದಲ ಕ್ಷಣ ನೋವೇ ಗೊತ್ತಾಗುವುದಿಲ್ಲ. ಹಾಗಾಯಿತು ನನಗೆ. ಆಮೇಲೆ ಕೇಳಿದೆ, "ಅರ್ಧ ಯಾಕ? ಅದನ್ನಾದ್ರೂ ಹೇಳು. ಮೊದಲನೇ ಮೆಟ್ಟಿಲು ಯಾಕ ಅರ್ಧ?"

ಅವಳು ಹಾಳೆ ಪಕ್ಕಕ್ಕಿಟ್ಟಳು. "ಬಾಣಲಿ ತಳದಾಗೆ ಗೋಲಿ ಇಟ್ಟು, ಅದು ಸುಮ್ನೆ ನಿಂತೈತೆ ಅನ್ಕಳ್ರಿ. ಆಗ ಅದು ಎಲ್ಲೈತೆ ಅನ್ನೋದೂ ಪಕ್ಕಾ ಗೊತ್ತಾತು, ಅಲುಗಾಡ್ತಿಲ್ಲ ಅನ್ನೋದೂ ಪಕ್ಕಾ ಗೊತ್ತಾತು. ಅಷ್ಟು ಸಣ್ಣದ್ರಾಗೆ ಎರಡೂ ಒಟ್ಟಿಗೆ ಪಕ್ಕಾ ಆಗಂಗಿಲ್ಲ. ಅದಕ್ಕೇ ಅದು ತಳಕ್ಕೆ ಇಳಿಯಂಗಿಲ್ಲ, ಪೂರ್ತಿ ನಿಲ್ಲಂಗಿಲ್ಲ. ಎಷ್ಟೇ ತಣ್ಣಗೆ ಮಾಡ್ರಿ, ಇರೋ ಶಕ್ತಿನೆಲ್ಲ ಕಿತ್ಕಳ್ರಿ, ಅರ್ಧ ಮೆಟ್ಟಿಲು ಉಳೀತೈತೆ. ಅದನ್ನ ಕಿತ್ಕಳ್ಳಾಕೆ ಯಾರಿಂದ್ಲೂ ಆಗಲ್ಲ."

"ನಮ್ಮ ಪಟ್ಟಿ ನಿಲ್ತಾವಲ್ಲ?"

"ಅವಕ್ಕೂ ಅರ್ಧ ಐತೆ. ಕಣ್ಣಿಗೆ ಕಾಣದಷ್ಟು ಸಣ್ಣದು."

ಇಡೀ ಪಾಠದ ಜೀವವೇ ಆ ಎರಡು ಇಂಚಿನಲ್ಲಿತ್ತು. ನಾನು ಅದನ್ನೇ ಸವೆತ ಅಂತ ತಿಳಿದು ತಿದ್ದಿದ್ದೆ. ಏಳನೇ ತರಗತಿಯವನು ಮಾಡಿದ್ದಕ್ಕೆ ಅದು ತಪ್ಪಾಗಲಿಲ್ಲ. ಕೇಳದೆ ಮಾಡಿದ್ದಕ್ಕೆ ತಪ್ಪಾಯಿತು. ಆದರೆ ಡಿಗ್ರಿ ಮೇಲೆ ಡಿಗ್ರಿ ಇರುವವರು ಎಂಟು ದಿನ ಅದರ ಪಕ್ಕದಲ್ಲೇ ಕೂತು ಚಹಾ ಕುಡಿದರಲ್ಲ, ಅವರಿಗೆ ಏನಾಗಿತ್ತು? ಅವರಿಗೆ ಗೊತ್ತಿಲ್ಲದಿದ್ದರೆ ಒಂದು ಮಾತು. ಹುಡುಗಿ ಬಂದು ಗೊತ್ತು ಮಾಡಿದ ಮೇಲೂ ಬಿಡು ಅಂದು, ಆಮೇಲೆ ಅವಳ ತಲೆಗೇ ಕಟ್ಟುವುದು ಎಂಥ ಕಸುಬು? ಹಾಗೆ ಮಾಡಿದ ಪಟ್ಟಿ ಕೆಲಸದವನು ಪಿ.ಬಿ. ರಸ್ತೆಯಲ್ಲಿ ಒಂದು ತಿಂಗಳು ಅಂಗಡಿ ನಡೆಸಲಾರ.

ಸೋಮವಾರ ಬೆಳಿಗ್ಗೆ ಅಂಗಡಿಯನ್ನು ದಾದಾಪೀರನಿಗೆ ಒಪ್ಪಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಮಗಳ ಜೊತೆ ಬಸ್ಸು ಹತ್ತಿದೆ. ಅವಳ ಬ್ಯಾಗಿನಲ್ಲಿ ಆ ಕ್ಷಮಾಪಣೆ ಇತ್ತು, ಸಹಿ ಇರಲಿಲ್ಲ. ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು: "ಜಗಳ ಮಾಡಬ್ಯಾಡ್ರಿ."

"ಮಾಡಲ್ಲ. ನನ್ನ ತಪ್ಪು ಒಪ್ಕಂಡು ಬರ್ತೀನಿ."

ಹೆಚ್‌ಒಡಿ ಕೋಣೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಕೂಡ್ರಿ ಅನ್ನಲಿಲ್ಲ. ನಮ್ಮ ಕಡೆ ಭಿಕ್ಷುಕನಿಗೂ ಕೂಡ್ರಿ ಅನ್ನುತ್ತೇವೆ.

"ತಂದೆ ಕರ್ಕಂಡು ಬಂದಿಯೇನಮ್ಮ? ಪತ್ರ ಎಲ್ಲಿ?"

ನಾನು ಹೇಳಿದೆ, "ಸರ್, ಆ ತಪ್ಪು ನಂದು. ಅವಳು ಎರಡಿಂಚು ಅಂತ ಸರಿಯಾಗೇ ಬರೆದಿದ್ದಳು. ನಾನು ತಿಳೀದೆ ನಾಲ್ಕು ಮಾಡಿದೆ. ಕ್ಷಮಾಪಣೆ ನಾನು ಬರ್ಕೊಡ್ತೀನಿ."

"ನೀವೆಷ್ಟು ಓದಿದೀರಿ?"

"ಏಳನೇ ಕ್ಲಾಸು."

ಅವರು ನಕ್ಕರು. ಜೋರಾಗಿಯಲ್ಲ, ತುಟಿಯಲ್ಲೇ. "ಇದು ಕ್ವಾಂಟಮ್ ರೀ. ನಿಮಗೆ ಅರ್ಥ ಆಗಲ್ಲ, ಬಿಡ್ರಿ."

"ತಳಕ್ಕೆ ಇಳಿಯಂಗಿಲ್ಲ, ಪೂರ್ತಿ ನಿಲ್ಲಂಗಿಲ್ಲ, ಅರ್ಧ ಉಳೀತೈತೆ. ನೆನ್ನೆ ಮಧ್ಯಾಹ್ನ ಅರ್ಥ ಆತು ಸರ್. ನಿಮ್ಮ ಕೋಣ್ಯಾಗೆ ಎಂಟು ದಿನ ಇತ್ತಲ್ಲ, ತಮಗೆ ಯಾವತ್ತು ಅರ್ಥ ಆತು?"

ಶೈಲಾ ನನ್ನ ಅಂಗಿಯ ತೋಳು ಜಗ್ಗಿದಳು. ಅವರ ಮುಖ ಕೆಂಪಾಯಿತು. "ನೋಡ್ರಿ, ಅದೊಂದು ಅಲಂಕಾರದ ವಸ್ತು. ಅದಕ್ಯಾಕ ಇಷ್ಟು ದೊಡ್ಡದು ಮಾಡ್ತೀರಿ?"

"ಅಲಂಕಾರದ್ದಾದ್ರೆ ಈ ಹುಡುಗಿ ವರ್ಷ ಯಾಕ ತಡೀತೀರಿ?"

ಒಂದು ಹಾಳೆ ಕೇಳಿದೆ, ಕೊಟ್ಟರು. ನಿಂತುಕೊಂಡೇ ಅವರ ಮೇಜಿನ ಮೂಲೆಯಲ್ಲಿ ಬರೆದೆ. ನನ್ನ ಅಕ್ಷರ ದಪ್ಪ, ಆದರೆ ತಪ್ಪಿರುವುದಿಲ್ಲ. ಹೀಗಿತ್ತು: 'ನಾನು ಚಂದ್ರಪ್ಪ, ಹರಿಹರದಲ್ಲಿ ಕಮಾನು ಪಟ್ಟಿ ಕೆಲಸ ಮಾಡುವವನು. ನನ್ನ ಮಗಳ ಚಿತ್ರದಲ್ಲಿ ಎರಡು ಇಂಚು ಇದ್ದದ್ದನ್ನು ಅವಳನ್ನು ಕೇಳದೆ ನಾಲ್ಕು ಇಂಚು ಮಾಡಿದೆ. ತಪ್ಪು ನನ್ನದು. ಸಮಿತಿ ಬರುವ ಮುಂಚೆಯೇ ಅವಳು ಇದನ್ನು ಮುಖ್ಯಸ್ಥರ ಗಮನಕ್ಕೆ ತಂದಿದ್ದಳು. ಮುಟ್ಟಬೇಡ ಎಂದರು. ಮಾದರಿಯನ್ನು ಸರಿಪಡಿಸಿಕೊಡಲು ನನಗೆ ಅನುಮತಿ ಕೊಡಬೇಕು.'

ಅವರು ಎರಡು ಸಲ ಓದಿದರು. ಆಮೇಲೆ ಮೊದಲ ಬಾರಿಗೆ, "ಕೂಡ್ರಿ" ಅಂದರು. ನಾನು ಕೂರಲಿಲ್ಲ.

"ಚಂದ್ರಪ್ಪನವರೇ, ಮೊದಲಿಂದು ಇರ್ಲಿ. ಆ ನಡುವಿನ ಎರಡು ಸಾಲು ಹೊಡೆದು ಹಾಕ್ರಿ. ಇಲ್ಲೇ, ಈಗಲೇ ರೆಕಾರ್ಡಿಗೆ ಸಹಿ ಮಾಡ್ತೀನಿ. ಅವಳು ಏನೂ ಬರಿಯೋದು ಬ್ಯಾಡ."

ಪೆನ್ನಿನ ಮುಚ್ಚಳ ತೆಗೆದು, ಮೇಜಿನ ಮೇಲಿದ್ದ ಅವಳ ರೆಕಾರ್ಡ್ ಪುಸ್ತಕವನ್ನು ಎದುರಿಗೆ ಎಳೆದುಕೊಂಡರು. ನಾನು ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ನನ್ನ ಕೈ ಆ ಸಾಲಿನ ಹತ್ತಿರ ಹೋಯಿತು. ನನ್ನ ಮಾನ ಒಂದು ಕಡೆ, ಅವಳ ವರ್ಷ ಇನ್ನೊಂದು ಕಡೆ. ಎರಡು ಗೀಟು ಎಳೆದರೆ ಮುಗಿಯಿತು. ಹೋದರೆ ನನ್ನ ಎರಡು ಸಾಲು ಹೋಗುತ್ತವೆ, ಅವಳು ಪರೀಕ್ಷೆಗೆ ಕೂರುತ್ತಾಳೆ. ಆದರೆ ಆ ಎರಡು ಸಾಲು ನನ್ನವಲ್ಲ ಅಂತ ಅನ್ನಿಸಿತು. ಶುಕ್ರವಾರ ಬೆಳಿಗ್ಗೆ ಅವಳು ಹೋಗಿ ಹೇಳಿದ ಮಾತು ಅದು. ಹೊಡೆಯುವುದಾದರೆ ಅವಳೇ ಹೊಡೆಯಬೇಕು. ಹಾಳೆಯನ್ನು ಅವಳ ಕಡೆ ತಿರುಗಿಸಿದೆ.

"ನೋಡವ್ವ. ನೀನು ಹೆಂಗಂದ್ರೆ ಹಂಗೆ."

ಶೈಲಾ ನಿಧಾನಕ್ಕೆ ಓದಿದಳು. ನನ್ನ ಕೈಯಿಂದ ಪೆನ್ನು ತಗೊಂಡಳು. ನನ್ನ ಸಹಿಯ ಕೆಳಗೆ, 'ಮೇಲೆ ಬರೆದದ್ದೆಲ್ಲ ನಿಜ' ಅಂತ ಬರೆದು ಸಹಿ ಹಾಕಿದಳು. ಬ್ಯಾಗಿನಿಂದ ಆ ಕ್ಷಮಾಪಣೆಯ ಹಾಳೆ ತೆಗೆದು, ಖಾಲಿ ಸಹಿಯ ಜಾಗ ಮೇಲೆ ಬರುವ ಹಾಗೆ ಮಡಚಿ ಅವರ ಮೇಜಿನ ಮೇಲೆ ಇಟ್ಟಳು. "ಇದಕ್ಕೆ ನಾನು ಸಹಿ ಮಾಡಲ್ಲ ಸರ್. ನಾನು ತಪ್ಪು ಬರೆದಿಲ್ಲ."

ಇಬ್ಬರೂ ಸಹಿ ಹಾಕಿದ ಹಾಳೆಯನ್ನು ಎತ್ತಿಕೊಂಡು ಕಾಲೇಜಿನ ಆಫೀಸಿಗೆ ಹೋದೆವು.

ಅಲ್ಲಿ ಪತ್ರ ತೆಗೆದುಕೊಳ್ಳುವ ಗುಮಾಸ್ತರು ಕನ್ನಡಕ ಏರಿಸಿ ಅದನ್ನು ಓದಿದರು. ಓದುತ್ತ ಓದುತ್ತ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಇದನ್ನ ಪ್ರಿನ್ಸಿಪಾಲರಿಗೆ ಇಡಬೇಕಾಗ್ತೈತೆ, ಗೊತ್ತೈತಲ್ಲ?"

"ಇಡ್ರಿ ಅಂತಾನೇ ಕೊಡ್ತಿರೋದು."

"ವಿಷಯ ಏನಂತ ಬರ್ಕಳ್ಳಿ? ರಿಜಿಸ್ಟರಿನಾಗೆ ಒಂದು ಕಾಲಂ ಐತೆ."

ನಾನು ಯೋಚಿಸುತ್ತಿದ್ದೆ. ಶೈಲಾ ಹೇಳಿದಳು, "ಎರಡು ಇಂಚು ಅಂತ ಬರೀರಿ ಸರ್." ಅವರು ಹಾಗೇ ಬರೆದು ಠಪ್ ಅಂತ ಮೊಹರು ಒತ್ತಿದರು.

ಆ ವಾರ ನಾವು ಹೇಗೆ ಕಳೆದೆವೋ ಬರೆಯಲಾರೆ. ರತ್ನ ನನ್ನೊಂದಿಗೆ ಮಾತು ಬಿಟ್ಟಳು. "ಎರಡು ಗೀಟು ಎಳೆಯಾಕೆ ಅಪ್ಪ ಮಗಳಿಗೆ ಕೈ ಬರಲಿಲ್ಲ" ಅಂತ ಗೋಡೆಗೆ ಹೇಳುತ್ತಿದ್ದಳು. ನದಿ ಇಳಿಯಿತು, ಮಳೆ ಇಳಿಯಲಿಲ್ಲ. ನಾನು ಎರಡು ಪಟ್ಟಿ ಸುಟ್ಟು ಹಾಳು ಮಾಡಿದೆ. ಮುಂದಿನ ಮಂಗಳವಾರ ಕಾಲೇಜಿನ ಲ್ಯಾಬ್ ಸಹಾಯಕ ಹಾಲೇಶ ಶೈಲಾಳ ಕೈಗೆ ರೆಕಾರ್ಡ್ ಪುಸ್ತಕ ತಂದುಕೊಟ್ಟ. ಸಹಿ ಬಿದ್ದಿತ್ತು. ಯಾರು ಹೇಳಿದರು, ಯಾಕೆ ಮಾಡಿದರು, ಯಾವ ಮಾತೂ ಇಲ್ಲ. ಇಂಟರ್ನಲ್ ಅಂಕ ಮಾತ್ರ ಪಾಸಿಗೆ ಎಷ್ಟು ಬೇಕೋ ಅಷ್ಟೇ ಬಂದವು. ಅವಳಿಗಿಂತ ಕಡಿಮೆ ಓದುವವರಿಗೆಲ್ಲ ಜಾಸ್ತಿ. ಕೇಳಲು ಹೋದರೆ, ಅದು ವಿಭಾಗದ ವಿವೇಚನೆ ಅಂದರು. ವಿವೇಚನೆ ಅನ್ನುವ ಮಾತಿಗೆ ಆ ಅರ್ಥವೂ ಇದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಆ ಅಂಕ ಇವತ್ತಿಗೂ ಅವಳ ಅಂಕಪಟ್ಟಿಯಲ್ಲಿದೆ, ಯಾರೂ ತಿದ್ದಿಲ್ಲ, ನಾನೂ ಮರೆತಿಲ್ಲ.

ಮಾದರಿ ಸರಿಪಡಿಸುವ ಅನುಮತಿ ಬರಲೇ ಇಲ್ಲ. ಎರಡು ತಿಂಗಳು ಅದು ಹಾಗೇ ನೇತಾಡಿತು. ಆ ದಾರಿಯಲ್ಲಿ ಓಡಾಡುವ ಮಕ್ಕಳು ದಿನಾ ತಪ್ಪನ್ನೇ ನೋಡಿಕೊಂಡು ಹೋಗುತ್ತಿದ್ದರು ಅನ್ನುವುದು ನನಗೆ ಅನ್ನ ಇಳಿಯದ ಹಾಗೆ ಮಾಡಿತ್ತು. ಕೊನೆಗೆ ಹಾಲೇಶನೇ ಫೋನ್ ಮಾಡಿದ. "ಚಂದ್ರಣ್ಣ, ಸಾಹೇಬ್ರು ಮೂರು ದಿನ ರಜೆ ಮ್ಯಾಲೆ ಹೋಗ್ಯಾರೆ. ಪ್ರಿನ್ಸಿಪಾಲ್ರನ್ನ ಕೇಳಿದೆ, ಮಾಡ್ಕಳ್ಳಿ ಅಂದ್ರು. ಬರ್ರಿ."

ಸಾಮಾನು ಚೀಲ ಹಿಡಿದು ಹೋದೆ. ಹಲಗೆಯನ್ನು ನೆಲಕ್ಕಿಳಿಸಿ ಐದೂ ಸರಳು ಬಿಚ್ಚಿದೆ. ಶೈಲಾ ಸ್ಕೇಲ್ ಹಿಡಿದಳು. ಪ್ರತಿ ಗುರುತಿಗೂ ನಾನು ಕೇಳಿದೆ, "ಇಲ್ಲೇನಾ?" ಅವಳು ನೋಡಿ, "ಇಲ್ಲೇ" ಅಂದ ಮೇಲೆ ತೂತು ಕೊರೆದೆ. ಹೊಸ ಜಾಗದಲ್ಲಿ ಸರಳು ಚಿಕ್ಕದಾಗಬೇಕಿತ್ತು, ಕತ್ತರಿಸಿ ಕೂರಿಸಿದೆ. ಅಲೆಗಳ ತುದಿ ಗೋಡೆ ದಾಟಿ ಎಷ್ಟು ಚಾಚಬೇಕು ಅಂತ ಅದನ್ನೂ ಕೇಳಿದೆ. ಕ್ಲಾಸಿನ ಮಕ್ಕಳು ಸುತ್ತ ನಿಂತರು. ಒಬ್ಬ ಹುಡುಗಿ, "ಮೊದಲನೇದು ಯಾಕ ಅರ್ಧ?" ಅಂತ ಕೇಳಿದಳು. ಶೈಲಾ ಅವಳಿಗೆ ಹೇಳುತ್ತಿದ್ದುದನ್ನು ನಾನು ಕೊರೆಯುವುದು ನಿಲ್ಲಿಸಿ ಇನ್ನೊಮ್ಮೆ ಕೇಳಿಸಿಕೊಂಡೆ.

ಎಲ್ಲ ಬಿಗಿದ ಮೇಲೆ ಪ್ರತಿ ಸರಳಿನ ಎರಡಿಂಚು ಮೇಲೆ ಹಳೆಯ ತೂತುಗಳು ಬಾಯಿ ಬಿಟ್ಟುಕೊಂಡು ಉಳಿದವು. ಹಾಲೇಶ ಬಗ್ಗಿ ನೋಡಿದ.

"ಮರದ ಪುಡಿ, ಅಂಟು ಐತೆ ಲ್ಯಾಬಿನಾಗೆ, ತರಲಾ? ಮುಚ್ಚಿಬಿಡ್ರಿ. ಹಳೇ ತೂತು ಕಾಣ್ತಾವೆ."

"ಬ್ಯಾಡ. ಕಾಣ್ಲಿ" ಅಂದೆ.